ಐವತ್ತೇಳರ ಹುಡುಗ

ಆ ಮನೆಯಲ್ಲಿ ಹುಡುಗ ಎಂದರೆ ಐವತ್ತೇಳು ವರ್ಷದವನು. ನೆತ್ತಿಯ ಮೇಲೆ ಎಣಿಸಿ ಮುಗಿಸಬಹುದಾದಷ್ಟು ಕೂದಲು, ಹತ್ತಿರಕ್ಕೊಂದು ದೂರಕ್ಕೊಂದು ಕನ್ನಡಕ. ಕೂತರೆ ಏಳುವುದಕ್ಕೆ ಮಂಡಿಯ ಅಪ್ಪಣೆ ಬೇಕು. ಆದರೂ ಎಂಬತ್ತನಾಲ್ಕು ವರ್ಷದ ಅವನ ಅಪ್ಪ, ಊರವರೆಲ್ಲ ದೊಡ್ಡವರು ಎಂದೇ ಕರೆಯುತ್ತಿದ್ದವರು, ಬೆಳಗಾದರೆ ಅಂಗಳದ ಬೆಂಚಿನ ಮೇಲೆ ಕೂತು "ಹುಡುಗನ್ನ ಕರೀರಿ" ಎಂದರೆ ಓಡಿ ಬರಬೇಕಾದವನು ಇವನೇ. ಅಪ್ಪ ಕರೆದದ್ದು ಕೇಳಿ ಕೇಳಿ ಊರಿಗೂ ಅದೇ ಅಭ್ಯಾಸವಾಗಿತ್ತು. ಟ್ರ್ಯಾಕ್ಟರ್ ರಿಪೇರಿಯವನು ಇವನಿಗಿಂತ ಇಪ್ಪತ್ತು ವರ್ಷಕ್ಕೆ ಚಿಕ್ಕವನು. ಅವನ ಫೋನಿನಲ್ಲೂ ಇವನ ನಂಬರು "ದೊಡ್ಡವರ ಮನೆ ಹುಡುಗ" ಎಂದೇ ಇತ್ತು.

ಹುಡುಗನಿಗೆ ಆ ಹೆಸರಿನ ಬಗ್ಗೆ ಅಂಥ ಬೇಸರವೇನೂ ಇರಲಿಲ್ಲ. ಅವನ ಸಂಕಟವೆಲ್ಲ ಒಂದು ಕೀಲಿಕೈಯದು. ಮನೆಯ ಹಿಂಬದಿಯಲ್ಲಿದ್ದ ಬೀಜದ ಕೋಣೆಯ ಕೀಲಿಕೈ ಅದು. ದಾರ ಕಟ್ಟಿಸಿಕೊಂಡು ದೊಡ್ಡವರ ಕೊರಳಿನಲ್ಲಿ ತೂಗುತ್ತಿತ್ತು. ಬೀಜ ಯಾರ ಕೈಯಲ್ಲೋ ಬೇಸಾಯ ಅವರ ಕೈಯಲ್ಲಿ. ಯಾವ ಹೊಲಕ್ಕೆ ಏನು, ಯಾವಾಗ, ಎಷ್ಟು ಎಂಬುದೆಲ್ಲ ಆ ಬಾಗಿಲಲ್ಲೇ ತೀರ್ಮಾನವಾಗುತ್ತಿತ್ತು. ದೊಡ್ಡವರಿಗೂ ಅದು ಸುಲಭವಾಗಿ ಸಿಕ್ಕಿದ್ದಲ್ಲ. ಅವರಪ್ಪ ತೊಂಬತ್ತು ದಾಟಿ ಕಣ್ಣು ಮುಚ್ಚಿದ ಮೇಲೆ, ಐವತ್ತೆರಡನೆಯ ವಯಸ್ಸಿನಲ್ಲಿ ಅವರ ಕೊರಳಿಗೆ ಬಂದದ್ದು. ಆಗ ಹುಡುಗನಿಗೆ ಇಪ್ಪತ್ತೈದು, ಹುಡುಗ ಎಂಬ ಹೆಸರಿಗೆ ತಕ್ಕ ವಯಸ್ಸೇ. ಇಷ್ಟು ಕಾದು ನೊಂದ ಅಪ್ಪ ತನ್ನನ್ನು ಹೀಗೆ ಕಾಯಿಸಲಾರರು ಎಂದುಕೊಂಡ. (ಅಂದುಕೊಳ್ಳುವುದಕ್ಕೆ ಯಾರ ಅಪ್ಪಣೆಯೂ ಬೇಡವಲ್ಲ.)

ಆ ವರ್ಷವೇ ಅವನು ಪೇಟೆಯಿಂದ ಒಂದು ಪೊಟ್ಟಣ ಸೂರ್ಯಕಾಂತಿ ಬೀಜ ತಂದು, ರಸ್ತೆ ಬದಿಯ ತಗ್ಗಿನ ಹೊಲಕ್ಕೆ ಹಾಕೋಣವೇ ಎಂದು ಕೇಳಿದ. ದೊಡ್ಡವರು ಹಣೆಗೆ ಅಂಗೈ ಅಡ್ಡ ಹಿಡಿದು ಆಕಾಶ ನೋಡಿದರು, ಹೊಲ ನೋಡಿದರು, ಆಮೇಲೆ "ನೋಡೋಣ" ಎಂದರು. ಆ ವರ್ಷ ತಗ್ಗಿನ ಹೊಲದಲ್ಲಿ ಮೆಕ್ಕೆಜೋಳ. ಮರುವರ್ಷ ಕೇಳಿದ. ನೋಡೋಣ. ಮೆಕ್ಕೆಜೋಳ. ಹೀಗೆ ಮೂವತ್ತೆರಡು ವರ್ಷ. ಅಪ್ಪ ಒಂದು ಸಲವಾದರೂ ಬೇಡ ಎಂದಿದ್ದರೆ ಜಗಳವಾಡಿ, ಊಟ ಬಿಟ್ಟು, ಏನಾದರೂ ಮಾಡಬಹುದಿತ್ತು. ನೋಡೋಣ ಎನ್ನುವವರ ಜೊತೆ ಜಗಳವಾಡುವುದು ಎಲ್ಲಿಂದ? ಗೋಡೆಯಾದರೆ ಗುದ್ದಬಹುದು, ಮಂಜನ್ನು ಗುದ್ದುವುದು ಹೇಗೆ? ಪೊಟ್ಟಣ ಬೀರುವಿನಲ್ಲಿ ಮದುವೆಯ ಬಟ್ಟೆಗಳ ಕೆಳಗೆ ಮಲಗಿತ್ತು. ವರ್ಷಕ್ಕೊಮ್ಮೆ ಅವನ ಹೆಂಡತಿ ಅದರ ಧೂಳು ಒರೆಸಿ, ನಿಮ್ಮ ಸೂರ್ಯಕಾಂತಿ ಕ್ಷೇಮವಾಗಿದೆ ಎಂದು ವರದಿ ಒಪ್ಪಿಸುತ್ತಿದ್ದಳು.

ದೊಡ್ಡವರ ನಿಷ್ಠೆಯಾದರೂ ಸಾಮಾನ್ಯವೇ? ದಿನಾ ಮಧ್ಯಾಹ್ನ ಊಟವಾದ ಮೇಲೆ ಒಬ್ಬರೇ ಬೀಜದ ಕೋಣೆಗೆ ಹೋಗಿ, ಬಾಗಿಲು ಮುಂದೆ ಮಾಡಿಕೊಂಡು ಅರ್ಧ ಗಂಟೆ ತಪಾಸಣೆ ನಡೆಸುತ್ತಿದ್ದರು. ಹೊರಗೆ ಬರುವಾಗ ಮೀಸೆ ಒರೆಸಿಕೊಳ್ಳುತ್ತಿದ್ದರು. ಈ ವಯಸ್ಸಿನಲ್ಲೂ ಬೀಜದ ಧೂಳಿಗೆ ಹೆದರದ ಅಪ್ಪನನ್ನು ಕಂಡರೆ ಹುಡುಗನಿಗೆ ಸಿಟ್ಟಿನ ನಡುವೆಯೂ ಕಣ್ಣು ತೇವವಾಗುತ್ತಿತ್ತು.

ಹೀಗಿರುವಾಗ ಸಹಕಾರ ಸಂಘದವರು "ಯುವ ರೈತರ ಸಭೆ" ಕರೆದರು. ಹುಡುಗ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋದ. ಕೃಷಿ ಕಚೇರಿಯಿಂದ ಬಂದಿದ್ದ ಅಧಿಕಾರಿ ಮೇಡಂ ವೇದಿಕೆ ಹತ್ತಿ ಕಣ್ಣಾಡಿಸಿ, ಹಿರಿಯರು ಬಂದಿದ್ದು ಸಂತೋಷ, ಯುವಕರು ಯಾರಾದರೂ ಇದ್ದರೆ ಕೈ ಎತ್ತಬೇಕು ಎಂದರು. ಹನ್ನೊಂದು ಕೈಗಳು ಎದ್ದವು. ಹನ್ನೆರಡನೆಯದು ಭುಜ ಹಿಡಿದುಕೊಂಡು ಅರ್ಧಕ್ಕೇ ನಿಂತಿತು; ಅದನ್ನೂ ಎಣಿಸಿಕೊಳ್ಳಬೇಕೆಂದು ಅದರ ಒಡೆಯ ಕೇಳಿಕೊಂಡ. ಮೇಡಂ ಎಲ್ಲರನ್ನೂ ಒಮ್ಮೆ ನೋಡಿದರು. ಬರೆದು ತಂದಿದ್ದ ಹತ್ತು ಹಾಳೆಯನ್ನು ಮಡಿಸಿ ಚೀಲಕ್ಕೆ ಹಾಕಿದರು.

ಆಮೇಲೆ ಅವರು ಆಡಿದ ಮಾತು ಹುಡುಗನ ಎದೆಗೆ ನಾಟಿತು. ಮಕ್ಕಳು ಮಣ್ಣು ಬೇಡವೆಂದು ಹೋಗುವುದಿಲ್ಲ, ಮನೆಯಲ್ಲಿ ಅವರ ಮಾತು ನಡೆಯುವುದಿಲ್ಲವೆಂದು ಹೋಗುತ್ತಾರೆ. ಕೆಲಸ ಮಾತ್ರ ಕೊಟ್ಟು ಅಧಿಕಾರ ಕೊಡದಿದ್ದರೆ ಯಾರು ಉಳಿಯುತ್ತಾರೆ. ಕೊಡುವುದನ್ನು ಕೈ ಗಟ್ಟಿಯಿರುವಾಗಲೇ ಕೊಡಿ ಎಂದರು. ತನ್ನ ಆತ್ಮಕಥೆಯನ್ನು ಯಾರೋ ಮೈಕಿನಲ್ಲಿ ಓದಿದಂತೆ ಹುಡುಗನಿಗೆ ಅನ್ನಿಸಿತು. ಆ ಭಾವಾವೇಶದಲ್ಲಿ ಚಹಾದ ಜೊತೆ ಕೊಟ್ಟ ಬಿಸ್ಕತ್ತು ನಾಲ್ಕು ತಿಂದ. (ಮನೆಯಲ್ಲಿ ಅದಕ್ಕೆ ಅವಕಾಶವಿರಲಿಲ್ಲ. ಒಂಬತ್ತು ವರ್ಷದ ಹಿಂದೆ ವೈದ್ಯರು ಅವನಿಗೆ ಸಿಹಿ ನಿಲ್ಲಿಸಿದ ದಿನವೇ ಹೆಂಡತಿ ಬಿಸ್ಕತ್ತಿನ ಡಬ್ಬವನ್ನು ಎಲ್ಲೋ ಅಡಗಿಸಿದ್ದಳು. ಅವನು ಅಟ್ಟ ಹುಡುಕಿದ್ದ, ಹಾಸಿಗೆ ಪೆಟ್ಟಿಗೆ ಹುಡುಕಿದ್ದ, ತಪ್ಪಾಯಿತು ಎಂದು ಕೈಮುಗಿದು ದೇವರ ಗೂಡಿನ ಹಿಂದೆಯೂ ನೋಡಿದ್ದ. ಸಿಕ್ಕಿರಲಿಲ್ಲ.)

ದಾರಿಯುದ್ದಕ್ಕೂ ಉಪಾಯ ಹೊಳೆಯುತ್ತಾ ಬಂತು. ಈ ಮಾತನ್ನು ತಾನು ಹೇಳಿದರೆ ಅಪ್ಪ ನೋಡೋಣ ಎನ್ನುತ್ತಾರೆ. ಮೊಮ್ಮಗಳು ಹೇಳಿದರೆ? ಇಪ್ಪತ್ನಾಲ್ಕು ವರ್ಷದ ಮಗಳು ಪೇಟೆಯ ಬೀಜ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಒದ್ದೆ ಕಾಗದದ ಮೇಲೆ ನೂರು ಕಾಳು ಜೋಡಿಸಿ, ಎಷ್ಟು ಮೊಳೆತವು ಎಂದು ಎಣಿಸುವ ಕೆಲಸ. ರಜೆಯ ದಿನ ಮನೆಗೆ ಬರುವಳು. ದೊಡ್ಡವರು ಜಗತ್ತಿನಲ್ಲಿ ಮಾತಿಗೆ ಮಣಿಯುತ್ತಿದ್ದರೆ ಅವಳೊಬ್ಬಳ ಮಾತಿಗೆ.

ಹುಡುಗ ಎರಡು ಹಾಳೆಯ ಭಾಷಣ ಬರೆದ. ಮೊದಲ ಹಾಳೆಯಲ್ಲಿ ಬೇಸಾಯದ ಭವಿಷ್ಯ, ಬಿಳಿಯಾಗುತ್ತಿರುವ ತಲೆಗಳು, ಬರಿದಾಗುತ್ತಿರುವ ಹೊಲಗಳು. ಎರಡನೆಯ ಹಾಳೆಯ ಕೊನೆಯಲ್ಲಿ, ಅಡಿಗೆರೆ ಎಳೆದು: "ಆದ್ದರಿಂದ ತಾತ, ಕೀಲಿಕೈಯನ್ನು ಅಪ್ಪನಿಗೆ ಕೊಡಿ." ಹೆಂಡತಿಗೆ ಓದಿ ತೋರಿಸಿದ. ಅವಳು ಕಾಳು ಆರಿಸುತ್ತಾ ಕೇಳಿಸಿಕೊಂಡಳು.

"ಇಷ್ಟುದ್ದ ಯಾಕೆ? ನೀವೇ ಹೋಗಿ ಕೊಡಿ ಅಂತ ಕೇಳಬಾರದಾ?"

"ಅದಕ್ಕೊಂದು ಹೊತ್ತು ಗೊತ್ತು ಬೇಡವಾ?"

"ಮೂವತ್ತೆರಡು ವರ್ಷದಲ್ಲಿ ಒಂದು ಹೊತ್ತೂ ಬರಲಿಲ್ಲ ಅನ್ನಿ."

ಅವನು ಹಾಳೆ ಮಡಿಸಿ ಜೇಬಿಗಿಟ್ಟ. ಮಹತ್ಕಾರ್ಯಕ್ಕೆ ಹೊರಟವರು ಸಣ್ಣ ಮಾತಿಗೆ ಕಿವಿ ಕೊಡಬಾರದು. ಅವಳು ದೇವರು ದೊಡ್ಡವನು ಎಂದುಕೊಂಡು ಇನ್ನೊಂದು ಕಲ್ಲು ಆರಿಸಿ ಎಸೆದಳು.

ರಜೆಯ ದಿನ ಬೆಳಿಗ್ಗೆ ದೊಡ್ಡವರು ಬೆಂಚಿನ ಮೇಲಿದ್ದರು. ಮಗಳು ಎದುರು ನಿಂತು ಹಾಳೆ ಬಿಚ್ಚಿದಳು. ಹುಡುಗ, ಏನೂ ಗೊತ್ತಿಲ್ಲದವನಂತೆ, ಆಗಲೇ ಗುಡಿಸಿದ್ದ ಅಂಗಳವನ್ನು ಮತ್ತೊಮ್ಮೆ ಗುಡಿಸುತ್ತಿದ್ದ. ಹೆಂಡತಿ ಬಾಗಿಲಿಗೆ ಒರಗಿದ್ದಳು. ಮಗಳು ಮೊದಲ ಹಾಳೆಯನ್ನು ಚೆನ್ನಾಗಿಯೇ ಓದಿದಳು. ಬಿಳಿ ತಲೆಗಳ ಜಾಗದಲ್ಲಿ ದೊಡ್ಡವರು ತಮ್ಮ ತಲೆ ಸವರಿಕೊಂಡರು. ಹಾಳೆ ಮಗುಚುವ ಮುಂಚೆ ಅವಳು ನಿಲ್ಲಿಸಿದಳು.

"ತಾತ, ಇಷ್ಟು ಅಪ್ಪ ಬರೆದದ್ದು. ಮುಂದಿನದು ಓದೋ ಮುಂಚೆ ನಂದೊಂದು ಮಾತಿದೆ. ಲ್ಯಾಬಲ್ಲಿ ಎರಡು ವರ್ಷದಿಂದ ಮೊಳಕೆ ಎಣಿಸ್ತಿದ್ದೀನಿ. ಎಣಿಸಿ ಬಿಸಾಕೋದು. ಒಂದಾದ್ರೂ ಬೆಳೆದು ನಿಂತಿದ್ದು ನೋಡಿಲ್ಲ. ನಂಗೆ ಇಲ್ಲಿಗೇ ಬಂದುಬಿಡೋಣ ಅಂತಿದೆ. ಆದ್ರೆ ಒಂದೊಂದಕ್ಕೂ ಕೇಳಿ ಕೇಳಿ ಮಾಡಬೇಕು ಅಂದ್ರೆ ಬರಲ್ಲ."

ಇದು ಭಾಷಣದಲ್ಲಿ ಇರಲಿಲ್ಲ. ಆದರೆ ಹುಡುಗನಿಗೆ ಸಂತೋಷವೇ ಆಯಿತು; ಮಗಳೂ ಬರುತ್ತಾಳೆ, ಕೀಲಿಕೈಯೂ ಬರುತ್ತದೆ. ಪೊರಕೆ ಕೆಳಗಿಟ್ಟ. ದೊಡ್ಡವರು ಹಣೆಗೆ ಅಂಗೈ ಅಡ್ಡ ಹಿಡಿದು ಆಕಾಶ ನೋಡಿದರು. ಹೊಲ ನೋಡಿದರು. ಹೆಂಡತಿ ತುಟಿಯಲ್ಲೇ "ನೋಡೋಣ" ಎಂದುಕೊಂಡಳು. ಆದರೆ ದೊಡ್ಡವರು ಎರಡೂ ಕೈಯಿಂದ ಕೊರಳಿನ ದಾರ ಎತ್ತಿದರು. ದಾರ ಕಿವಿಗೆ ಸಿಕ್ಕಿಕೊಂಡಿತು. ಸೊಸೆ ಬಂದು ಬಿಡಿಸಿದಳು.

ಮೂವತ್ತೆರಡು ವರ್ಷ ಕಾದ ಕೊರಳು ಹುಡುಗನದು. ಯಾರಾದರೂ ಹೇಳುವವರೆಗೂ ಕಾಯದೆ ಮುಂದೆ ಬಂದು ಬಾಗಿತು. ಮಂಡಿ ಕಟಕ್ ಎಂದಿತು. ಹುಡುಗ ಕಣ್ಣು ಮುಚ್ಚಿದ. ದಾರ ಅವನ ನೆತ್ತಿಯ ಮೇಲಿಂದ ಗಾಳಿಯಂತೆ ಹಾದು ಹೋದದ್ದು ತಿಳಿಯಿತು. ಕಣ್ಣು ಬಿಟ್ಟಾಗ ಅವನಿಗೆ ಕಂಡದ್ದು ತಾನೇ ಗುಡಿಸಿದ ನೆಲ. ತಲೆಯೆತ್ತಿ ನೋಡಿದರೆ ಕೀಲಿಕೈ ಮಗಳ ಕೊರಳಿನಲ್ಲಿತ್ತು.

"ತಾತ, ಎರಡನೇ ಹಾಳೆ ಇನ್ನೂ ಓದಿಲ್ಲ" ಎಂದಳು ಮಗಳು.

"ಸಾಕಮ್ಮ, ಅರ್ಥ ಆಯ್ತು. ನಿಮ್ಮಪ್ಪ ಬರೆದದ್ದೇ ಸರಿ."

"ಆದ್ರೆ ಅಪ್ಪ…"

"ಅವನಿಗೆ ಈಗ ಕೊಟ್ರೆ ಇನ್ನು ಮೂರು ವರ್ಷಕ್ಕೆ ಅರವತ್ತು. ಆಗ ಮತ್ತೆ ಈ ಭಾಷಣ ಅವನ ಮುಂದೆ ಓದಬೇಕಾಗುತ್ತೆ. ಎರಡೆರಡು ಖರ್ಚು ಯಾಕೆ?" ಮಗನ ಕಡೆ ತಿರುಗಿ ಅವರು ಮೆತ್ತಗೆ ಹೇಳಿದರು: "ತುಂಬಾ ದುಡಿದೆಯಪ್ಪ. ಇನ್ನು ಸುಧಾರಿಸ್ಕೋ."

ಹುಡುಗ ಬಾಗಿದ್ದಲ್ಲಿಂದ ನಿಧಾನವಾಗಿ ನೆಟ್ಟಗಾದ. ನಿನ್ನೆ ಸಂಜೆಯವರೆಗೆ ಅವನಿಗೆ ಇನ್ನೂ ವಯಸ್ಸಾಗಿರಲಿಲ್ಲ. ಇವತ್ತು ತಿಂಡಿಗೆ ಮುಂಚೆ ವಯಸ್ಸು ಮೀರಿಹೋಗಿತ್ತು. ನಡುವಿನ ಒಂದು ನಿಲ್ದಾಣದಲ್ಲಿ ಅವನು ಚೀಲ ಹಿಡಿದು ನಿಂತೇ ಇದ್ದ, ಬಸ್ಸು ಅಲ್ಲಿ ನಿಲ್ಲಲೇ ಇಲ್ಲ. ಎದುರು ಮಾತಾಡೋಣವೆಂದರೆ ವಾದವೆಲ್ಲ ಅವನ ಅಕ್ಷರದಲ್ಲೇ ಇತ್ತು.

ಎಲ್ಲರೂ ಬೀಜದ ಕೋಣೆಗೆ ಹೊರಟರು. ಮಗಳು ಬೀಗಕ್ಕೆ ಕೀಲಿಕೈ ಹಾಕಿ ಎಡಕ್ಕೆ ತಿರುಗಿಸಿದಳು, ಬಲಕ್ಕೆ ತಿರುಗಿಸಿದಳು. ಅದು ಜಪ್ಪಯ್ಯ ಅನ್ನಲಿಲ್ಲ. ಎಣ್ಣೆ ತರುತ್ತೇನೆ ಎಂದು ಹುಡುಗ ಹೊರಟ. ಅಷ್ಟರಲ್ಲಿ ಅವನ ಹೆಂಡತಿ, ಅಡುಗೆಮನೆಯ ಯಾವುದೋ ಮುಚ್ಚಳದ ವಿಷಯ ಹೇಳುವಷ್ಟು ಸಹಜವಾಗಿ, "ಕೀಲಿ ಬೇಡಮ್ಮ, ಸುಮ್ನೆ ಹಿಡಿದು ಕೆಳಗೆ ಎಳಿ" ಎಂದಳು. ಮಗಳು ಎಳೆದಳು. ಬೀಗ ಬಾಯಿ ಬಿಟ್ಟಿತು.

ಹುಡುಗನೂ ಬಿಟ್ಟ.

ಬೀಗ ಕೆಟ್ಟು ಎಷ್ಟು ದಿನವಾಯಿತೆಂದು ಮಗಳು ಕೇಳಿದಳು. ಹತ್ತು ವರ್ಷದ ಮೇಲಾಯಿತು, ಏಣಿ ಬೇಕಾದಾಗ, ಗೋಣಿಚೀಲ ಬೇಕಾದಾಗ ತಾನು ಹೀಗೇ ತೆಗೆಯುವುದು ಎಂದಳು ತಾಯಿ. ಒಳಗೆ ಮೆಕ್ಕೆಜೋಳದ ಮೂಟೆಗಳ ಮೇಲಿನ ಹಲಗೆಯಲ್ಲಿ, ಒಂಬತ್ತು ವರ್ಷದಿಂದ ಹುಡುಗನ ಕನಸಿನಲ್ಲಿ ಬರುತ್ತಿದ್ದ ಬಿಸ್ಕತ್ತಿನ ನೀಲಿ ಡಬ್ಬ ಕೂತಿತ್ತು. ಅವನು ಡಬ್ಬವನ್ನೂ ಹೆಂಡತಿಯನ್ನೂ ನೋಡಿದ.

"ನನ್ನನ್ನ ನೋಡಿದ್ರೆ ಏನು ಬಂತು?" ಎಂದಳು ಅವಳು. "ಅಪ್ಪಣೆ ಇಲ್ಲದೆ ನೀವು ಕೈ ಹಚ್ಚದ ಬಾಗಿಲು ಮನೆಯಲ್ಲಿ ಇದೊಂದೇ. ಅದಕ್ಕೇ ಇಲ್ಲಿಟ್ಟೆ."

ಡಬ್ಬ ತೆಗೆದರೆ ಅರ್ಧ ಖಾಲಿ. ಹೋದ ವಾರ ನೆಂಟರಿಗೆಂದು ತುಂಬಿಸಿಟ್ಟ ಮೇಲೆ ತಾನು ಮುಟ್ಟಿಲ್ಲ ಎಂದಳು. ಇಲಿಯೆಂದರೆ ಮುಚ್ಚಳ ಮತ್ತೆ ಹಾಕಿಡುವಷ್ಟು ಶಿಸ್ತಿನ ಇಲಿ ಎಲ್ಲೂ ಇರಲಾರದು. ಮೂವರೂ ತಿರುಗಿ ನೋಡಿದಾಗ ದೊಡ್ಡವರು, ಇನ್ನೂ ಏನೂ ತಿನ್ನದಿದ್ದರೂ, ಅಭ್ಯಾಸಬಲದಿಂದ ಮೀಸೆ ಒರೆಸಿಕೊಳ್ಳುತ್ತಿದ್ದರು.

"ಅಪ್ಪಾ, ಬೀಗ ಕೆಟ್ಟಿದ್ದು ನಿಮಗೂ ಗೊತ್ತಿತ್ತಾ?"

"ಗೊತ್ತಿಲ್ಲದೆ ಏನು? ಕೀಲಿ ತಿರುಗೋದು ನಿಂತಾಗಿಂದ ನಾನೂ ಎಳೆದೇ ತೆಗೀತಿದ್ದೆ."

"ಒಂದು ಮಾತು ಹೇಳಬಾರದಿತ್ತಾ?"

"ನೀನೂ ಒಂದಿನ ಎಳೀತೀಯೇನೋ ಅಂತ ನೋಡ್ತಿದ್ದೆ" ಎಂದರು ದೊಡ್ಡವರು.

ಈ ಮಾತಿನಲ್ಲಿ ಕೊಂಕು ಇತ್ತೋ ಕನಿಕರ ಇತ್ತೋ, ಅದನ್ನು ಯೋಚಿಸುತ್ತಾ ಕೂರುವ ಹೊತ್ತು ಅದಲ್ಲ ಎಂದು ಹುಡುಗನಿಗೆ ಹೊಳೆಯಿತು. ಆದದ್ದಾಯಿತು. ರಾಜ್ಯ ಬದಲಾಗಿದೆ, ಅದೂ ಸ್ವಂತ ಮಗಳ ರಾಜ್ಯ. ಅವನು ಮನೆಯೊಳಗೆ ಹೋಗಿ ಬೀರು ತೆಗೆದು, ಮದುವೆಯ ಬಟ್ಟೆಗಳನ್ನೆಲ್ಲ ನೆಲಕ್ಕೆ ಕೆಡವಿ, ಮಾಸಿದ ಪೊಟ್ಟಣ ಹಿಡಿದು ಬಂದ. ಮದುವೆಯಾದಂದಿನಿಂದ ಅವನು ಅಷ್ಟು ವೇಗವಾಗಿ ನಡೆದದ್ದನ್ನು ಹೆಂಡತಿ ಕಂಡಿರಲಿಲ್ಲ.

ಮಗಳು ಪೊಟ್ಟಣ ಬಿಚ್ಚಿ ಒಂದು ಕಾಳನ್ನು ಉಗುರಿನಿಂದ ಒತ್ತಿ ನೋಡಿದಳು. ಮೂಸಿದಳು. ಆಮೇಲೆ ಹಳೆಯ ಕಾಗದ ಒದ್ದೆ ಮಾಡಿ, ನೂರು ಕಾಳು ಎಣಿಸಿ ಸಾಲಾಗಿ ಜೋಡಿಸಿ, ಸುರುಳಿ ಸುತ್ತಿ ಮೂಲೆಯಲ್ಲಿಟ್ಟಳು. ಮೂವತ್ತೆರಡು ವರ್ಷದ ಬೀಜ ಅಪ್ಪಾ, ಒಂದು ಮೊಳೆತರೆ ನಿನ್ನ ಪುಣ್ಯ ಎಂದಳು. ಮೊಳೆಯದಿದ್ದರೆ ಹೊಸ ಬೀಜ ತಂದರಾಯಿತು, ಬೀಜಕ್ಕೇನು ಬರ ಎಂದ ಹುಡುಗ. ಅವನಿಗೆ ಬೇಕಾಗಿದ್ದದ್ದು ಒಂದೇ ಮಾತು. ಗಂಟಲು ಸರಿಮಾಡಿಕೊಂಡು, ಕೈಕಟ್ಟಿ, ತಲೆ ಸ್ವಲ್ಪ ಬಗ್ಗಿಸಿ ನಿಂತು ಕೇಳಿದ (ಬೇರೆ ರೀತಿ ಕೇಳಿ ಅವನಿಗೆ ಅಭ್ಯಾಸವಿರಲಿಲ್ಲ).

"ಮಗಳೇ, ಈ ಸಲ ತಗ್ಗಿನ ಹೊಲಕ್ಕೆ ಸೂರ್ಯಕಾಂತಿ ಹಾಕೋಣವಾ?"

ಮಗಳು ಬಾಗಿಲಿಗೆ ಬಂದಳು. ಹಣೆಗೆ ಅಂಗೈ ಅಡ್ಡ ಹಿಡಿದು ಆಕಾಶ ನೋಡಿದಳು. ತಗ್ಗಿನ ಹೊಲದ ಕಡೆ ನೋಡಿದಳು. ಕೊರಳಿನ ದಾರದಲ್ಲಿ ಕೀಲಿಕೈ ಮೆಲ್ಲಗೆ ತೂಗಿತು.

"ನೋಡೋಣ ಅಪ್ಪಾ."

ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ನೆಲದ ಮೇಲೆ ಬಿದ್ದ ಮದುವೆಯ ಬಟ್ಟೆ ಮಡಿಸಬೇಕು ಎಂಬುದು ನೆಪ. ಹುಡುಗ ಅಂಗಳಕ್ಕೆ ಬಂದು, ತನ್ನ ಪೊರಕೆಯನ್ನು ಹುಡುಕುವವನಂತೆ ಅತ್ತಿತ್ತ ನೋಡಿದ. ಬೆಂಚಿನ ಮೇಲೆ ದೊಡ್ಡವರು ಆಗಲೇ ಕೂತಾಗಿತ್ತು. ಅವರು ಒಂದು ಪಕ್ಕಕ್ಕೆ ಸರಿದು ಜಾಗ ಮಾಡಿದರು, ಸೊಸೆ ಒಳಗಿದ್ದಾಳೆಂದು ಖಚಿತ ಮಾಡಿಕೊಂಡು ಜೇಬಿನಿಂದ ಒಂದು ಬಿಸ್ಕತ್ತು ತೆಗೆದು, ಮುರಿದು, ಸಣ್ಣ ತುಂಡನ್ನು ಅವನ ಕೈಗಿಟ್ಟರು.

"ಬಾರೋ ಹುಡುಗಾ, ಕೂತ್ಕೋ" ಎಂದರು. "ಮೊದಲ ಮೂವತ್ತು ವರ್ಷ ಸ್ವಲ್ಪ ಕಷ್ಟ. ಆಮೇಲೆ ಅಭ್ಯಾಸ ಆಗುತ್ತೆ."