ಭರಮಪ್ಪ ಕಾಕಾರ ಕಾರ್ಯಾಲಯದ ಹೊಗೆ

ನನಗೊಂದು ಕೆಟ್ಟ ಚಟವಿದೆ. ಬೀಡಿ, ತಂಬಾಕು ಅಲ್ಲ. ಅಂಥದ್ದಾಗಿದ್ದರೆ ಮನೆಯವಳು ಎಂದೋ ಬಿಡಿಸಿರುತ್ತಿದ್ದಳು. ನನ್ನದು ಅಳೆಯುವ ಚಟ. ಬಚ್ಚಲ ಹಂಡೆ ಕಾಯಲು ಎಷ್ಟು ಕಟ್ಟಿಗೆ ಬೇಕು, ಮೂಡಲಗಿ ಬಸ್ಸು ಏರಿನಲ್ಲಿ ಎಷ್ಟು ಹೊಗೆ ಉಗುಳುತ್ತದೆ, ಹೀಗೆ ಯಾರಿಗೂ ಬೇಡವಾದದ್ದು ತಿಳಿಯದಿದ್ದರೆ ಉಂಡ ಅನ್ನ ನನಗೆ ಮೈಗೆ ಹತ್ತುವುದಿಲ್ಲ. ಗೋಕಾಕದ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವನಾದ್ದರಿಂದ ಊರ ಜನ ಇದನ್ನು ವಿದ್ಯೆ ಎಂದುಕೊಂಡಿದ್ದರು. ಮನೆಯವಳು ಮಾತ್ರ, "ವಿದ್ಯಾ ಅಲ್ರಿ ಅದು, ಮಾಡಾಕ ಕೆಲಸ ಇಲ್ಲದ್ದು" ಅನ್ನುತ್ತಿದ್ದಳು.

ಎರಡು ಸಾವಿರದ ಇಸವಿ ದಾಟಿದ ಹೊಸತು. ಮಹಾನಗರಗಳ ದೊಡ್ಡ ದೊಡ್ಡ ಕಟ್ಟಡಗಳು ಕರೆಂಟು, ಡೀಸೆಲ್ ಸುಟ್ಟು ಭೂಮಿಯ ಕಾವು ಹೆಚ್ಚಿಸುವ ಅನಿಲ ಬಿಡುತ್ತವೆ, ಅದರ ಲೆಕ್ಕ ಇಡಬೇಕು ಎಂದು ಪೇಪರಿನಲ್ಲಿ ಓದಿದೆ. ಓಡುವ ಗಾಡಿ ಹೊಗೆ ಬಿಡುವುದು ಸರಿ, ನಿಂತಲ್ಲೇ ನಿಂತ ಕಟ್ಟಡವೂ ಬಿಡುತ್ತದೆಂದು ಪಾಠ ಹೇಳುವ ನನಗೇ ಹೊಳೆದಿರಲಿಲ್ಲ! ಅಂದಿನಿಂದ ಪೇಟೆಯ ಕಟ್ಟಡಗಳನ್ನೆಲ್ಲ ಕಳ್ಳರನ್ನು ನೋಡಿದ ಹಾಗೆ ನೋಡತೊಡಗಿದೆ. ಕೊನೆಗೆ ಕಣ್ಣು ಬಿದ್ದದ್ದು ಭರಮಪ್ಪ ಕಾಕಾರ ಮಂಗಲ ಕಾರ್ಯಾಲಯದ ಮೇಲೆ. ಮುಂದಿನ ತಿಂಗಳು ನನ್ನ ಮಗಳ ಮದುವೆ ಗೊತ್ತಾಗಿದ್ದದ್ದೂ ಅಲ್ಲಿಯೇ. ಹುಕ್ಕೇರಿಯ ನಮ್ಮ ಬೀಗರು ಸಂಜೆಯ ರಿಸೆಪ್ಶನ್ ಭರ್ಜರಿಯಾಗಬೇಕೆಂದು ಮೊದಲೇ ಹೇಳಿದ್ದರು.

ಅದರ ಹೊಗೆಯ ಲೆಕ್ಕ ತೆಗೆಯಲೇ ಎಂದು ಕೇಳಿದರೆ ಕಾಕಾ ಖುಷಿಯಿಂದ ಒಪ್ಪಿದರು. "ತಗೋರಿ ಸರ, ಬೇಕಾದಷ್ಟ ಲೆಕ್ಕ ತಗೋರಿ. ಹಂಗ ಮೂಡಲಗ್ಯಾಗ ನಮ್ಮ ಬೀಗರದೂ ಒಂದು ಕಾರ್ಯಾಲಯ ಐತಿ, ಅದರದೂ ತಗೋರಿ. ಯಾರದು ದೊಡ್ಡದು ಅಂತ ಒಮ್ಮೆ ಗೊತ್ತಾಗಲಿ." ಆ ಕೊನೆಯ ಮಾತು ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ಎರಡೂ ಕಡೆ ಕರೆಂಟು, ಕಟ್ಟಿಗೆ, ಸಿಲಿಂಡರು, ಡೀಸೆಲ್ಲು ಎಲ್ಲ ವಿಚಾರಿಸಿದೆ. ಮೂಡಲಗಿಯ ಅಡುಗೆಯವನು, "ನೀವು ಕಟ್ಟಿಗಿ ವ್ಯಾಪಾರ ಚಾಲೂ ಮಾಡೀರೇನ್ರಿ?" ಎಂದು ಕೇಳಿಯೂಬಿಟ್ಟ. ಲೆಕ್ಕ ಹಾಕಿದರೆ ಮೂಡಲಗಿಯದೇ ಹೆಚ್ಚು! ಕಾರಣ ಹುಡುಕಿ ಹಿಗ್ಗಿಹೋದೆ. ಕಾಕಾ ಜೈನರು; ಅವರಲ್ಲಿ ನಡೆಯುವ ಮದುವೆಗಳೂ ಬಹುಪಾಲು ಅವರ ಮಂದಿಯವೇ. ಹೊತ್ತು ಮುಳುಗುವುದರೊಳಗೆ ಊಟ ಮುಗಿದು, ಒಲೆ ಆರಿ, ಪಾತ್ರೆಗಳೂ ಬೆಳಕಿನಲ್ಲೇ ತೊಳೆದಾಗಿರುತ್ತವೆ. ಜನರೇಟರಿಗೆ ಕೆಲಸವೇ ಇಲ್ಲ. ಮೂಡಲಗಿಯಲ್ಲಿ ಎಲ್ಲರ ರಿಸೆಪ್ಶನ್ನುಗಳೂ ನಡೆಯುತ್ತವೆ. ಸಂಜೆಯಿಡೀ ಆರ್ಕೆಸ್ಟ್ರಾ, ಅದರ ಹಿಂದೆ ಜನರೇಟರಿನ ಗದ್ದಲ. ಉಣ್ಣುವ ಹೊತ್ತು ಬದಲಾದರೆ ಕಟ್ಟಡದ ಹೊಗೆಯೇ ಬದಲಾಗುತ್ತದಲ್ಲ!

ಓಡಿಹೋಗಿ ಹೇಳಿದೆ: "ಕಾಕಾ, ನಿಮ್ಮದು ಮೂಡಲಗಿಯವರದರ ಅರ್ಧಕ್ಕಿಂತ ಕಮ್ಮಿ!"

ಕರದಂಟು ಕೊಡಲು ಚಾಚಿದ್ದ ಕಾಕಾರ ಕೈ ಹಿಂದೆ ಹೋಯಿತು. "ಕಮ್ಮಿ? ಬೀಗರ ಮುಂದ ನನ್ನ ಮಾನ ಕಳದ್ರಲ್ರಿ ಸರ!"

"ಕಾಕಾ, ಇದರಾಗ ಕಮ್ಮಿ ಇದ್ದವರ ಶಾಣ್ಯಾರು."

"ಅದ್ಹೆಂಗ್ರಿ? ನಿಮ್ಮ ಕಾಲೇಜಿನ್ಯಾಗ ಕಮ್ಮಿ ಮಾರ್ಕ್ಸ್ ಬಿದ್ದಾವಗ ಫಸ್ಟ್ ಕ್ಲಾಸ್ ಕೊಡ್ತೀರೇನು? ನಮ್ಮದು ಸಣ್ಣ ಕಾರ್ಯಾಲಯ ಆತು. ಮಗಳ ಲಗ್ನ ಆ ದೊಡ್ಡದರಾಗ ಮಾಡ್ರಿ, ಹೋಗ್ರಿ."

ಲಗ್ನಪತ್ರಿಕೆ ಹಂಚಿಯಾಗಿತ್ತು. ಆ ಮುಹೂರ್ತಕ್ಕೆ ಮೂಡಲಗಿಯಲ್ಲಿರಲಿ, ಸುತ್ತ ಎಲ್ಲಿಯೂ ಒಂದು ಛಾವಣಿ ಖಾಲಿ ಇರಲಿಲ್ಲ. ಮನೆಯವಳು, "ಮಂದಿ ಹೊಗಿ ನೋಡಾಕ ಹೋಗಿ ನಮ್ಮ ಮನಿಗೆ ಬೆಂಕಿ ಹಚ್ಚಿದ್ರಿ" ಎಂದು ಅಳತೊಡಗಿದಳು. ನನಗೂ ಅಳು ಬಂದಿತ್ತು, ಹೇಳಲು ನಾಚಿಕೆ ಏನು.

ಮತ್ತೆ ಕಾಕಾರ ಪಡಸಾಲೆಯಲ್ಲಿ ಹೋಗಿ ಕುಳಿತೆ. ಬೇಸಿಗೆಯಲ್ಲಿ ಕೌದಿ ಹೊದ್ದವನ ಪಾಡು ಹೇಗೋ, ಈ ಅನಿಲ ಹೊದ್ದ ಭೂಮಿಯ ಪಾಡೂ ಹಾಗೆ ಎಂದು ಬಿಡಿಸಿ ಬಿಡಿಸಿ ಹೇಳಿದೆ. ಕಾಕಾ, "ನಮ್ಮ ಹಿರ್ಯಾರು ಬೆಳಕಿನ್ಯಾಗ ಉಣ್ರಿ ಅಂದದ್ದು ಜೀವಹಿಂಸಾ ಆಗಬಾರದಂತ. ಅದರಾಗ ಇದೂ ಬಂತಂತೀರಿ?" ಎಂದರು.

"ಬಂತ್ರಿ ಕಾಕಾ, ಪೂರಾ ಬಂತು."

ಕಾಕಾರ ಮುಖ ಅರಳಿತು. "ಹಂಗಾರ ಕಾರ್ಯಾಲಯ ನಿಮ್ದ. ಆದ್ರ ನಿಮ್ಮ ಮಗಳ ಲಗ್ನದಾಗ ಇನ್ನೂ ಕಮ್ಮಿ ಮಾಡಿ ನಮ್ಮ ಮೂಡಲಗಿ ಬೀಗರಿಗೆ ತೋರಸೂಣು. ಜನರೇಟರ್ ಬಂದ್!" ನಾನು ಹೂಂ ಎಂದೆ. ಆ ಗಳಿಗೆಯಲ್ಲಿ ಅವರು ಏನು ಕೇಳಿದ್ದರೂ ಹೂಂ ಅನ್ನುತ್ತಿದ್ದೆ.

ಮದುವೆಯ ದಿನ ಮುಹೂರ್ತದ ಅಕ್ಕಿಕಾಳು ಚೆನ್ನಾಗಿಯೇ ಆಯಿತು. ಸಂಜೆ ರಿಸೆಪ್ಶನ್ನಿಗೆ ನಮ್ಮ ಬೀಗರ ಕಡೆಯ ಉಳಿದ ಮಂದಿ ಹುಕ್ಕೇರಿಯಿಂದ ಟ್ರಕ್ಕು ತುಂಬಿ ಬಂದಿಳಿಯುವುದಕ್ಕೂ ಕರೆಂಟು ಹೋಗುವುದಕ್ಕೂ ಸರಿಹೋಯಿತು. "ಏನ್ರಿ ಸರ, ಕತ್ತಲದಾಗ ನಿಲ್ಲಿಸೀರಲ್ಲ? ಜನರೇಟರ್ ಇಲ್ಲೇನು?" ಎಂದರು ಬೀಗರು. ಬೀಗಿತ್ತಿ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಟ್ರಕ್ಕಿನ ಕಡೆ ತಿರುಗಿ ನೋಡಿದರು. ನನಗೆ ಅದೇ ಹೆಚ್ಚು ಭಯವಾಯಿತು. ಇನ್ನೊಂದು ಕಿವಿಯಲ್ಲಿ ಕಾಕಾ, "ಗಟ್ಟಿಯಾಗಿ ನಿಂದರ್ರಿ ಸರ, ಒಂದು ತಾಸು ತಡಕೊಂಡ್ರ ಮೂಡಲಗಿ ಮಣ್ಣು ಮುಕ್ಕತೈತಿ!" ಅನ್ನುತ್ತಿದ್ದರು. ವೇದಿಕೆಯ ಮೇಲೆ ಮಗಳು ಬೆವರುತ್ತ ನನ್ನನ್ನೇ ಹುಡುಕುತ್ತಿದ್ದಳು. ಒಂದು ಕಡೆ ಭೂಮಿ, ಇನ್ನೊಂದು ಕಡೆ ಬೀಗರು. ಭೂಮಿ ಸುಮ್ಮನಿತ್ತು, ಬೀಗರು ಸುಮ್ಮನಿರಲಿಲ್ಲ. ಹಿತ್ತಲಿಗೆ ಓಡಿ ಜನರೇಟರಿನ ಹ್ಯಾಂಡಲ್ಲನ್ನು ನಾನೇ ತಿರುವಿದೆ. ಮೊದಲ ಕರಿಹೊಗೆ ಪೂರಾ ನನ್ನ ಹೊಸ ರುಮಾಲಿಗೇ ಬಡಿಯಿತು.

ಮರುದಿನ ಬೆಳಿಗ್ಗೆ ಕಾಕಾ ಮನೆಗೇ ಬಂದರು. "ಸರ, ನಿನ್ನಿ ಲೆಕ್ಕ ಹಾಕ್ರಿ."

"ಕಾಕಾ, ಹೆಣ್ಣ ಹೆತ್ತವರ ಹೊಗಿ ಲೆಕ್ಕಕ್ಕ ಹಿಡಿಯೂದಿಲ್ರಿ."

"ಹಂಗಂತ ನಿಮ್ಮ ಶಾಸ್ತ್ರದಾಗ ಐತೇನ್ರಿ?"

"ನಿನ್ನಿಯಿಂದ ಐತ್ರಿ," ಎಂದೆ.