ಐದು ಸಾವಿರ ಅಡಿಯ ಒಂದು ಹೂಂ

ಎಲ್ಲ ಅನರ್ಥಕ್ಕೂ ಕಾರಣ ಒಂದು ‘ಹೂಂ’.

ಆಂಬ್ರೋಸ್ ಕ್ಲಿಸೋಲ್ಡ್ ಲಂಡನ್ನಿನ ಟೋಪಿ ಅಂಗಡಿಯೊಂದರಲ್ಲಿ ಗುಮಾಸ್ತ. ೧೯೩೮ರ ಮೇ ತಿಂಗಳಲ್ಲಿ, ತಮ್ಮ ಕೆಲಸ ಬಿಡದೆ ಬಿಡುವಿನಲ್ಲಿ ದೇಶಸೇವೆ ಮಾಡುವವರ ವಾಯುಪಡೆಗೆ ಹೆಸರು ಕೊಟ್ಟ. ವಿಮಾನ ಓಡಿಸಬೇಕೆಂಬ ಆಸೆ. ಅಲ್ಲಿಯವರು ಅವನ ನಲವತ್ನಾಲ್ಕು ವಯಸ್ಸನ್ನೂ ಹೊಟ್ಟೆಯನ್ನೂ ನೋಡಿ ಬಲೂನು ದಳಕ್ಕೆ ಹಾಕಿದರು. ಶತ್ರುವಿಮಾನಗಳು ಕೆಳಗೆ ಹಾರಿ ಬರದಂತೆ ಉಕ್ಕಿನ ಹಗ್ಗ ಕಟ್ಟಿ ಊರ ಮೇಲೆ ತೇಲಿಬಿಡುವ ಬೆಳ್ಳಿಬಣ್ಣದ ಬಲೂನು, ಮನೆಯಷ್ಟು ದೊಡ್ಡದು. ಲಾರಿಯ ಮೇಲಿನ ರಾಟೆಯಿಂದ ಆ ಹಗ್ಗ ಬಿಡುವುದು, ಸುತ್ತುವುದು, ಇಷ್ಟೇ ಅವನ ಪಾಲಿನ ಆಕಾಶ.

ಮೊದಲ ಭಾನುವಾರ ಊಟಕ್ಕೆ ಬಡಿಸುತ್ತ ಹೆಂಡತಿ ಹಿಲ್ಡಾ, “ಇವತ್ತು ಮೇಲೆ ಹೋಗಿದ್ರಾ?” ಅಂತ ಕೇಳಿದಳು. ಅವನ ತಲೆಯಲ್ಲಿ ಬಲೂನೇ ತೇಲುತ್ತಿತ್ತು. “ಹೂಂ, ಐದು ಸಾವಿರ ಅಡಿ” ಅಂದ. ತಟ್ಟೆಗೆ ಇನ್ನೊಂದು ತುಂಡು ಮಾಂಸ ಬಿತ್ತು. ಅದನ್ನು ನುಂಗಿದ ಮೇಲೆ ನಿಜ ಹೇಳಲು ಬಾಯಿ ಬರಲಿಲ್ಲ. ಮರುವಾರದ ಹೊತ್ತಿಗೆ ಬೀದಿಯೆಲ್ಲ ಅವನನ್ನು ‘ಕ್ಯಾಪ್ಟನ್’ ಅನ್ನತೊಡಗಿತ್ತು. ಎದುರುಮನೆಯ ಮಿಸೆಸ್ ಸ್ಪ್ರಾಗ್ ಕಸಬರಿಕೆ ಕೆಳಗಿಟ್ಟು ಸಲಾಮು ಹೊಡೆಯುತ್ತಿದ್ದಳು.

ಸೆಪ್ಟೆಂಬರ್ ಕೊನೆಗೆ ಯುದ್ಧ ಇವತ್ತೋ ನಾಳೆಯೋ ಎಂಬಂತಾಯಿತು. ಉದ್ಯಾನಗಳಲ್ಲಿ ಕಂದಕ ತೋಡಿದರು. ಬಲೂನು ದಳಕ್ಕೂ ಕರೆ ಬಂತು. ಬೆಳಿಗ್ಗೆ ಲಾರಿ ಹೋಗಿ ನಿಂತದ್ದು ಕ್ಲಿಸೋಲ್ಡನ ಬೀದಿಯ ತುದಿಯ ಮೈದಾನದಲ್ಲೇ. ಅವನು ತನಗೆ ಹಲ್ಲುನೋವು, ಬೇರೆ ಎಲ್ಲಿಗಾದರೂ ಹಾಕಿ ಎಂದು ಸಾರ್ಜೆಂಟ್ ಹ್ಯಾಗರ್ಟಿಯ ಹತ್ತಿರ ಗೋಗರೆದ. ವಾರವೆಲ್ಲ ಕಲ್ಲಿದ್ದಲು ಮಾರುವ ಹ್ಯಾಗರ್ಟಿ, ಯಾರ ಮನೆಗೆ ಬೀಳಬೇಕು ಅಂತ ಮೂಟೆ ಕೇಳುವ ಹಾಗಿಲ್ಲ ಎಂದು ಹೇಳಿ ರಾಟೆಯತ್ತ ಕೈ ತೋರಿಸಿದ.

ಕ್ಲಿಸೋಲ್ಡ್ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡ, ಮಫ್ಲರನ್ನು ಮೂಗಿನವರೆಗೆ ಸುತ್ತಿಕೊಂಡ. ಹನ್ನೊಂದರ ಹೊತ್ತಿಗೆ ಬಲೂನು ಏರುತ್ತಿತ್ತು, ಗಾಳಿಯೂ ಎದ್ದಿತ್ತು. ನೋಡಲು ಬೀದಿಗೆ ಬೀದಿಯೇ ಬೇಲಿಗೆ ಬಂದು ಆತುಕೊಂಡಿತು. ಎಲ್ಲರಿಗಿಂತ ಮುಂದೆ ಮಿಸೆಸ್ ಸ್ಪ್ರಾಗ್, ಅವಳ ಪಕ್ಕದಲ್ಲೇ ಹಿಲ್ಡಾ. ಅವನು ಅಂಗಿಯಿಂದ ಬಿದ್ದ ಗುಂಡಿ ಹುಡುಕುವವನಂತೆ ರಾಟೆಯ ಹಿಂದೆ ಬಗ್ಗಿದ. ಕೈ ಬ್ರೇಕಿನಿಂದ ಜಾರಿತು.

ರಾಟೆ ಹಂದಿ ಕಿರುಚಿದಂತೆ ಕಿರುಚುತ್ತ ತಿರುಗಿತು. ಹಗ್ಗ ಕೊನೆ ಮುಟ್ಟಿ ಫಟ್ಟನೆ ಹರಿಯಿತು. ಬಲೂನು ಮುನಿಸಿಕೊಂಡು ತವರಿಗೆ ಹೊರಟ ಸೊಸೆಯ ಹಾಗೆ ಹಿಂದೆ ತಿರುಗಿಯೂ ನೋಡದೆ ಹೊರಟಿತು. ಜೋತುಬಿದ್ದ ಹಗ್ಗ ಮಿಸೆಸ್ ಸ್ಪ್ರಾಗ್ ಮನೆಯ ಹೊಗೆಗೂಡನ್ನು ಕಿತ್ತು, ಅವಳು ಒಣಗಹಾಕಿದ್ದ ಬಿಳಿ ಹಾಸಿಗೆಬಟ್ಟೆಗಳ ಮೇಲೆ ಮಸಿಸಮೇತ ಕೆಡವಿತು.

ದಳದ ಅಧಿಕಾರಿ ಹ್ಯಾರೊಬಿ ಓಡಿಬಂದ. ವೃತ್ತಿಯಲ್ಲಿ ವಕೀಲ.

“ಬಲೂನು ಹೋಗುವಾಗ ನೀವು ಎಲ್ಲಿ ನೋಡ್ತಿದ್ರಿ?”

“ನೆಲ ನೋಡ್ತಿದ್ದೆ ಸಾರ್.”

“ವಾಯುಪಡೆಯವರು ನೆಲ ಯಾಕ್ರೀ ನೋಡಬೇಕು?”

ಕ್ಲಿಸೋಲ್ಡ್ ತನ್ನನ್ನು ದಳದಿಂದ ಕಿತ್ತುಹಾಕಿ ಎಂದು ಬೇಡಿಕೊಂಡ. ಈ ಹೊತ್ತಿನಲ್ಲಿ ಯಾರನ್ನೂ ಬಿಡುವಂತಿಲ್ಲ, ನಾಳೆ ಹೊಸ ಬಲೂನು ಬರುತ್ತದೆ, ಇದೇ ಮೈದಾನ, ಇದೇ ರಾಟೆ ಎಂದು ಹ್ಯಾರೊಬಿ ತೀರ್ಪು ಕೊಟ್ಟ.

ಸಂಜೆ ಊಟಕ್ಕೆ ಅರ್ಧ ಗಂಟೆ ರಜೆ ಸಿಕ್ಕಿತು. ಅವನು ಅಡುಗೆಮನೆಯ ಬಾಗಿಲಲ್ಲೇ ನಿಂತ.

“ಹಿಲ್ಡಾ, ನಾನು ವಿಮಾನ ಮುಟ್ಟಿಯೂ ಇಲ್ಲ ಕಣೇ.”

ಅವಳು ಬ್ರೆಡ್ಡು ಕೊಯ್ಯುವುದನ್ನು ನಿಲ್ಲಿಸಲಿಲ್ಲ. “ಗೊತ್ತು ಕಣ್ರೀ.”

“ಇವತ್ತು ಗೊತ್ತಾಯ್ತಾ?”

“ಮೇ ತಿಂಗಳಲ್ಲೇ. ನೀವು ಅಂಗಡಿಗೆ ಹೋದ್ಮೇಲೆ ಹ್ಯಾಗರ್ಟಿ ಇದ್ದಲು ತಂದು ಹಾಕ್ತಾರಲ್ಲ, ಅವ್ರೇ ಹೇಳಿದ್ರು. ಬೀದಿಗೆಲ್ಲ ಹಾಕೋದು ಅವ್ರೇ ತಾನೆ.”

“ಹಾಗಾದ್ರೆ ಮಿಸೆಸ್ ಸ್ಪ್ರಾಗ್?”

“ಅವರಿಗೆ ನನಗಿಂತ ಎರಡು ದಿನ ಮೊದ್ಲೇ ಗೊತ್ತಿತ್ತು. ಕ್ಯಾಪ್ಟನ್ ಅಂದಾಗ ನಿಮ್ಮ ಬೆನ್ನು ನೆಟ್ಟಗಾಗ್ತಿತ್ತು. ಪಾಪ, ಯಾಕೆ ಕೆಡಿಸೋದು ಅಂತ ಎಲ್ರೂ ಸುಮ್ನಿದ್ವಿ. ಇವತ್ತು ರಾಟೆ ಮುಂದೆ ನೀವು ಹೇಗೆ ಕಾಣ್ತೀರೋ ನೋಡೋಣ ಅಂತಲೇ ಬಂದಿದ್ವಿ.”

ಅವನು ಕುರ್ಚಿಯಲ್ಲಿ ಕುಸಿದ. ನಾಲ್ಕು ತಿಂಗಳು ಬೀದಿಗೆ ಟೋಪಿ ಹಾಕಿದೆನೆಂದು ಅವನು ತಿಳಿದಿದ್ದರೆ, ಬೀದಿಯೇ ಅವನಿಗೆ ಟೋಪಿ ಹಾಕಿತ್ತು, ಅದೂ ಅಕ್ಕರೆಯಿಂದ. ಎಲ್ಲರಿಗೂ ಗೊತ್ತಿದ್ದ ಗುಟ್ಟನ್ನು ಮುಚ್ಚಿಡಲು ಹೋಗಿ ಒಂದು ಬಲೂನು ಸಮುದ್ರದ ದಾರಿ ಹಿಡಿದಿತ್ತು.

ಅರ್ಧ ಗಂಟೆ ಮುಗಿಯಿತು. ಅವನು ಊಟ ಮಾಡದೆ ಎದ್ದು ಬೀದಿಗಿಳಿದ. ಒಂದೊಂದು ಕಿಟಕಿಯಲ್ಲೂ ಜನರಿದ್ದರು. ಎಲ್ಲರೂ ತುಂಬ ಮರ್ಯಾದೆಯಿಂದ ಬೇರೆ ಕಡೆ ನೋಡುತ್ತಿದ್ದರು.