ಕಂಡಿಕೆ ಮುಗಿದಲ್ಲಿ ನಿಂತ ಪದ್ಯ

ನನಗೆ ಜಂಬ ಜಾಸ್ತಿ. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳಿಗೆ ಅದು ಎಲ್ಲಿಂದ ಬಂತೋ ಗೊತ್ತಿಲ್ಲ. ಓದಿದವರಿಂದ ಕಲಿತದ್ದಂತೂ ಅಲ್ಲ. ಹೊಸನಗರದ ಕಡೆಯ ನಮ್ಮ ಕೈಮಗ್ಗದ ಸಂಘದಲ್ಲಿ ಟವೆಲ್ ನೇಯುತ್ತ ನೇಯುತ್ತ ಪದ್ಯ ಕಟ್ಟುವುದು ನನ್ನ ಚಟ. ಕೆಲವರಿಗೆ ಎಲೆಅಡಿಕೆ, ನನಗೆ ಇದು. ಪಕ್ಕದ ಮಗ್ಗದ ನಾಗಮ್ಮನೂ ಕಟ್ಟುತ್ತಾಳೆ. ಅವಳದ್ದರಲ್ಲಿ ಬರೀ ದೇವರು, ಅದನ್ನು ನಾಲ್ಕು ಜನರೆದುರು ಹೇಳುವವಳಲ್ಲ. ನನ್ನದರಲ್ಲಿ ಸೊಸೆ, ಮೀನಿನ ಸಾರು, ಮೊಣಕಾಲು ನೋವು. ಪದ್ಯ ಚೆನ್ನಾಗಿ ಬಂದ ದಿನ ಟವೆಲಿನಲ್ಲಿ ಒಂದೆರಡು ಎಳೆ ತಪ್ಪಿರುತ್ತದೆ. ಬಟ್ಟೆ ನೋಡಿ ಮಡಚುವ ಸುಶೀಲ, "ಅಜ್ಜೀ, ಇವತ್ತು ಭಾರೀ ಪದ್ಯ ಬಂದಂಗದೆ!" ಎನ್ನುತ್ತಾಳೆ.

ಸಾಗರದಿಂದ ಒಬ್ಬರು ಮೇಷ್ಟ್ರು ಬಂದು, ನೇಯುವವರ ಪದ್ಯಗಳನ್ನು ನಾವು ಮಾತಾಡುವ ಹಾಗೇ ಪುಸ್ತಕ ಮಾಡುತ್ತೇನೆ, ಬರೆದುಕೊಡಿ ಎಂದರು. "ಬರ್ದು ಎಂತ ಮಾಡೂದು? ಬಾಯಲ್ಲೇ ಅದೆ. ಸಂಘದ ಸಭೇಲಿ ಹೇಳ್ತೀನಿ, ನೀವೇ ಬರ್ಕಳಿ" ಎಂದೆ. ನಾಗಮ್ಮ ನನ್ನ ಸೆರಗು ಎಳೆದಳು. "ನನ್ ಹೆಸ್ರಿರೋ ಪದ್ಯಾನೇ ಹೇಳೇ ಮಾರಾಯ್ತಿ. ರೇಷನ್ ಕಾರ್ಡ್ ಬಿಟ್ರೆ ನನ್ ಹೆಸ್ರು ಎಲ್ಲೂ ಅಚ್ಚಾಗಿಲ್ಲ." ಆಗಲಿ ಎಂದೆ.

ಸಭೆಯ ದಿನ ವೇದಿಕೆ ಹತ್ತಿದರೆ ಒಂದು ಸಾಲೂ ಬರಲೊಲ್ಲದು. ಮಗ್ಗದ ಕಾಲುಮಣೆ ತುಳಿಯದೆ ಆ ಪದ್ಯವನ್ನು ನಾನು ಯಾವತ್ತೂ ಹೇಳಿದವಳೇ ಅಲ್ಲ. ಪದ್ಯ ಬಾಯಲ್ಲಿರಲಿಲ್ಲ, ಕಾಲಲ್ಲಿತ್ತು! ಮೊದಲ ಸಾಲಿನಲ್ಲಿ ಕೂತಿದ್ದ ನಾಗಮ್ಮನಿಗೆ ಗೊತ್ತಾಯಿತು. ಎರಡೂ ಕಾಲಲ್ಲಿ ನೆಲ ಬಡಿಯತೊಡಗಿದಳು, ಥೇಟ್ ನನ್ನ ಮಗ್ಗದ ಸದ್ದು. ನಾನೂ ನಿಂತಲ್ಲೇ ತುಳಿದೆ. ಬಂತು:

ಕಾಲ್ ತುಳದ್ರೆ ಕೈ ಓಡ್ತದೆ,
ಕೈ ಓಡದ್ರೆ ಬಾಯಿ;
ಮಗ್ಗದ್ ಮುಂದೆ ಕೂತ್ಕಂಡ್ ಮ್ಯಾಲೆ
ನಾನೇ ಊರಿನ್ ತಾಯಿ!

ಮಗ್ಗದಲ್ಲಿ ಹೇಳುತ್ತ ಇಲ್ಲಿಗೆ ಬಂದಾಗ ಯಾವಾಗಲೂ ಲಾಳಿಯೊಳಗಿನ ಕಂಡಿಕೆಯ ನೂಲು ಮುಗಿಯುತ್ತದೆ. ನಿಲ್ಲಿಸಿ ಬೇರೆ ಕಂಡಿಕೆ ಹಾಕಬೇಕು. ಅಭ್ಯಾಸಬಲ, ನಿಂತೆ. ಕೈ ಕಂಡಿಕೆ ಹುಡುಕಿತು. ಪದ್ಯ ಮುಗಿಯಿತೆಂದು ಜನ ಚಪ್ಪಾಳೆ ಹೊಡೆದರು. ಇನ್ನೂ ಅರ್ಧ ಇದೆ ಎಂದು ಹೇಳಬಹುದಿತ್ತು. ಆದರೆ ಚಪ್ಪಾಳೆ ಜೋರಾಗಿತ್ತು, ಮೇಷ್ಟ್ರು ಶಾಲು ಬಿಚ್ಚುತ್ತಿದ್ದರು. ಹೊದ್ದುಕೊಂಡು ಇಳಿದೆ. ನಾಗಮ್ಮನ ಕಾಲು ಇನ್ನೂ ಬಡಿಯುತ್ತಲೇ ಇತ್ತು.

ಪುಸ್ತಕ ಬಂತು. ನನ್ನ ಪದ್ಯ ನಾಲ್ಕೇ ಸಾಲು, ಕೆಳಗೆ ನನ್ನ ಹೆಸರು ದಪ್ಪ ಅಕ್ಷರದಲ್ಲಿ. ನಾಗಮ್ಮ ತನ್ನ ಹೆಸರನ್ನು ಮೊದಲಿಂದ ಕೊನೆವರೆಗೆ ಬೆರಳಿಟ್ಟು ಹುಡುಕಿದಳು. "ಶಾಲು ಬೆಚ್ಚಗದೆಯಾ?" ಎಂದು ಕೇಳಿದವಳು ಎಂಟು ದಿನ ಮಾತಿಲ್ಲ. ನನ್ನ ನೂಲು ಹರಿದಾಗ ಮಾತ್ರ ಎದ್ದು ಬಂದು, ಮುಖ ತಿರುಗಿಸಿಕೊಂಡೇ ಗಂಟು ಹಾಕಿ ಹೋಗುತ್ತಿದ್ದಳು. ಬೈದಿದ್ದರೆ ವಾಸಿಯಿತ್ತು.

ಮೇಷ್ಟ್ರಿಗೆ ಫೋನ್ ಮಾಡಿ ನನ್ನ ತಪ್ಪು ಒಪ್ಪಿಕೊಂಡೆ. ಪುಸ್ತಕ ಅಚ್ಚಾಗಿಹೋಯಿತು, ಪತ್ರಿಕೆಗೆ ಒಂದು ಲೇಖನ ಬರೆಯಿರಿ ಎಂದರು. ಅದಕ್ಕೇ ಇಷ್ಟುದ್ದ ಬರೆದದ್ದು. ನಿನ್ನೆ ಮಗ್ಗದಲ್ಲಿ ಕೂತು, ಹೊಸ ಕಂಡಿಕೆ ಹಾಕಿ, ತುಳಿದು ತುಳಿದು ಉಳಿದರ್ಧ ಹೊರಗೆ ತೆಗೆದೆ:

ಪಕ್ಕದ್ ಮಗ್ಗದ್ ನಾಗಮ್ಮಂದು
ಬಾಯಿ ಬಾಳಾ ಗಟ್ಟಿ;
ನನ್ ನೂಲ್ ಹರದ್ರೆ ಬೈಕಂಡೇ ಬಂದು
ಗಂಟ್ ಹಾಕ್ತಾಳೆ ಬಿಟ್ಟಿ!

ನಾಗಮ್ಮ ಕೇಳಿಸಿಕೊಂಡು, "ಬಾಯಿ ಗಟ್ಟಿ ಅಂತ ಹಾಕ್ಬೇಕಿತ್ತೇನೇ, ಹಲ್ಕಟ್ ಮುದುಕಿ?" ಎಂದು ಬೈದಳು. ಎಂಟು ದಿನದ ಮೇಲೆ ಕೇಳಿದ ಬೈಗುಳ. ಹಿಗ್ಗಿನಲ್ಲಿ ಟವೆಲಿನ ಮೂರು ಎಳೆ ತಪ್ಪಿಸಿದೆ. ಸಂಘದವರು ಅದನ್ನು ತಗೊಳ್ಳಲಿಲ್ಲ. ಸಭೆಯಲ್ಲಿ ನನಗೆ ಹೊದಿಸಿದ್ದ ಶಾಲನ್ನು ನಾಗಮ್ಮ ಹೊದ್ದುಕೊಂಡು ಹೋದಳು, ಟವೆಲ್ ನನಗುಳಿಯಿತು.